‘ಚಿರಸ್ಮರಣೆ’ ಮತ್ತು ನಮ್ಮ ಮನೆಯ ಗದ್ದೆ

ಕೊಚ್ಚಿಯ ಇನ್ಫೋಪಾರ್ಕಿನಲ್ಲಿ ನನ್ನ ಕೆಲಸ. ತಿಂಗಳಿಗೆರಡು ಸಲ ತಿರುವನಂತಪುರಕ್ಕೆ ರೈಲು ಹತ್ತಬೇಕು. ಆ ನಾಲ್ಕು ಗಂಟೆಗಳಲ್ಲಿ ಈಚೆಗೆ ನಿರಂಜನರ ‘ಚಿರಸ್ಮರಣೆ’ಯನ್ನು ಎರಡನೇ ಬಾರಿ ಓದಿದೆ.

1955ರಲ್ಲಿ ಬಂದ ಈ ಕಾದಂಬರಿಗೆ ಆಧಾರ ಕಯ್ಯೂರಿನ ರೈತ ಹೋರಾಟ. 1941ರ ಮಾರ್ಚ್ 28ರಂದು ರೈತಸಂಘದ ಮೆರವಣಿಗೆಗೆ ಸಿಕ್ಕಿದ ಪೊಲೀಸನೊಬ್ಬ ಹೊಳೆಯಲ್ಲಿ ಸತ್ತ. 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನಾಲ್ವರನ್ನು ಗಲ್ಲಿಗೇರಿಸಿದರು. ಆಗ ಕಯ್ಯೂರು ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. ಕೇರಳಕ್ಕೆ ಸೇರಿದ್ದು 1956ರಲ್ಲಿ.

ಅಪ್ಪು ಮತ್ತು ಚಿರುಕಂಡ ಹುಡುಗರಾಗಿದ್ದವರು ಸಂಘದ ಆಳುಗಳಾಗಿ ಬೆಳೆಯುವುದನ್ನು ನಿರಂಜನರು ಅವಸರವಿಲ್ಲದೆ ಹೇಳುತ್ತಾರೆ. ಅದಕ್ಕೇ ಕೊನೆಯ ಗಲ್ಲು ನಾಟಕವೆನಿಸುವುದಿಲ್ಲ. ನಮ್ಮ ಕಣ್ಣೆದುರು ಬೆಳೆದ ಮಕ್ಕಳನ್ನು ಕಳೆದುಕೊಂಡಂತಾಗುತ್ತದೆ. ಧಣಿಗಳು ಮಾತ್ರ ಹೊರಗಿನಿಂದಷ್ಟೇ ಕಾಣುತ್ತಾರೆ. ಕಾಲೇಜಿನಲ್ಲಿ ಮೊದಲು ಓದಿದಾಗ ಇದನ್ನೇ ದೊಡ್ಡ ದೋಷವೆಂದು ಗೆಳೆಯರೊಡನೆ ವಾದಿಸಿದ್ದೆ.

ಈಗ ಆ ವಾದದ ಮೇಲೆಯೇ ನನಗೆ ಗುಮಾನಿ. ಪುತ್ತೂರಿನ ಬಳಿಯ ನಮ್ಮ ಅಜ್ಜನ ಮನೆಗೆ ಗೇಣಿಯ ಅಕ್ಕಿ ಬರುತ್ತಿತ್ತು. ದೇವರಾಜ ಅರಸರ ಕಾಲದ 1974ರ ತಿದ್ದುಪಡಿಯ ನಂತರ ಒಕ್ಕಲು ಡಿಕ್ಲರೇಷನ್ ಹಾಕಿದರು, ಗದ್ದೆ ಅವರದಾಯಿತು. ಮನೆಯಲ್ಲಿ ಮಾತ್ರ ‘ಭೂಮಸೂದೆಯಲ್ಲಿ ಹೋಯಿತು’ ಎಂದೇ ಹೇಳುವುದು. ಯಾರಿಗೆ ಹೋಯಿತು ಎಂದು ಆ ವಾಕ್ಯ ಹೇಳುವುದಿಲ್ಲ, ನಾನೂ ಕೇಳಿರಲಿಲ್ಲ.

ಜೇನ್ ಆಸ್ಟೆನ್ ನನಗೆ ಪ್ರಿಯ. ಇಂಗ್ಲೆಂಡಿನ ಜಮೀನುದಾರ ಮನೆತನಗಳಲ್ಲಿ ಆಸ್ತಿ ಯಾರ ಪಾಲಾಗುತ್ತದೆ ಎಂಬ ಚಿಂತೆ ಅವಳ ಕಥೆಗಳನ್ನು ನಡೆಸುತ್ತದೆ. ಅದನ್ನು ಉತ್ತು ಗೇಣಿ ಕಟ್ಟುವವರು ಮರೆಯಲ್ಲೇ ಉಳಿಯುತ್ತಾರೆ. ಅದನ್ನು ನಾನು ಎಂದೂ ದೋಷವೆಂದಿರಲಿಲ್ಲ. ಧಣಿಯ ಒಳಮನಸ್ಸು ಸಿಗದಿದ್ದಾಗ ಮಾತ್ರ ನನಗೆ ಕಲೆಯ ನೆನಪಾಯಿತು.

ಧಣಿಯ ಅಂಜಿಕೆ, ಲೆಕ್ಕಾಚಾರಗಳೂ ಬಂದಿದ್ದರೆ ಕಾದಂಬರಿ ಇನ್ನೂ ದೊಡ್ಡದಾಗುತ್ತಿತ್ತು ಎಂದು ಈಗಲೂ ಅನಿಸುತ್ತದೆ. ಆದರೆ ನಿರಂಜನರು ಬಿಟ್ಟದ್ದು ಆಗಲೇ ಹೇಳಲು ಬಾಯಿದ್ದವರ ಕಥೆಯನ್ನು.

1957ರ ಏಪ್ರಿಲ್ 11ರಂದು, ಇ.ಎಂ.ಎಸ್. ಸರ್ಕಾರ ಬಂದ ಆರೇ ದಿನಕ್ಕೆ, ಒಕ್ಕಲೆಬ್ಬಿಸುವುದನ್ನು ತಡೆಯುವ ಸುಗ್ರೀವಾಜ್ಞೆ ತಿರುವನಂತಪುರದಿಂದ ಹೊರಟಿತು. ಕಯ್ಯೂರಿನ ನಾಲ್ವರು ಸತ್ತು ಆಗ ಹದಿನಾಲ್ಕು ವರ್ಷ.

ಪುಸ್ತಕ ಮುಗಿದ ದಿನ ಅದೇ ಊರಿನ ಸ್ಟೇಷನ್ನಿನಿಂದ ಅಮ್ಮನಿಗೆ ಫೋನ್ ಮಾಡಿ, ನಮ್ಮ ಒಕ್ಕಲಿನವರ ಹೆಸರೇನು ಎಂದು ಕೇಳಿದೆ. ಅಮ್ಮ ತಡೆಯದೆ ಹೇಳಿದಳು, ಅವರ ತಂದೆಯ ಹೆಸರನ್ನೂ ಸೇರಿಸಿ.