ಶಾಲಾ ಗಣಿತ ಮತ್ತು ಜನಪದ ಲೆಕ್ಕ: ಒಂದು ವಿಮರ್ಶಾತ್ಮಕ ಅವಲೋಕನ

ಮಕ್ಕಳ ಗಣಿತ ಕಲಿಕೆಯನ್ನು ಕುರಿತ ಚರ್ಚೆಯಲ್ಲಿ ಜನಪದರ ಲೆಕ್ಕಾಚಾರವು ಎರಡು ಬಗೆಯಲ್ಲಿ ಪ್ರಸ್ತಾಪಗೊಳ್ಳುತ್ತದೆ. ಒಂದು, ಅಳಿದುಹೋದ ಸಂಪತ್ತೆಂಬ ಹೊಗಳಿಕೆಯಾಗಿ. ಇನ್ನೊಂದು, ಪಾಠಕ್ಕೆ ರಂಜನೆ ನೀಡುವ ಅಲಂಕಾರವಾಗಿ. ಎರಡೂ ನಿಲುವುಗಳು ಅದರ ಗಣಿತೀಯ ಸತ್ವವನ್ನು ಬದಿಗಿರಿಸುತ್ತವೆ.

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯು ಹಾಡು, ಆಟ ಹಾಗೂ ಕಲಿಕಾ ಏಣಿಯ ಮೂಲಕ ಭಯವನ್ನು ತಗ್ಗಿಸಲು ಯತ್ನಿಸಿತು. ಮಗುವಿನ ಆಲೋಚನೆಯನ್ನೇ ಗಣಿತೀಯಗೊಳಿಸುವುದು ಮುಖ್ಯ ಗುರಿಯೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಾರಿತು. ಭಯ ತಗ್ಗುವುದು ಆಲೋಚನೆಗೆ ದಾರಿ ಮಾಡಬಹುದೇ ಹೊರತು ಅದೇ ಆಲೋಚನೆಯಾಗದು.

ಸೇರು, ಪಾವು, ಚಟಾಕುಗಳನ್ನು ಗಮನಿಸಬಹುದು. ಸೇರಿಗೆ ನಾಲ್ಕು ಪಾವು, ಪಾವಿಗೆ ನಾಲ್ಕು ಚಟಾಕು. ರೂಪಾಯಿಗೆ ಹದಿನಾರು ಆಣೆ. 1957ರಲ್ಲಿ ದಶಮಾಂಶ ನಾಣ್ಯ ಬಂದ ಬಳಿಕ ಈ ಲೆಕ್ಕ ಬಳಕೆಯಿಂದ ಸರಿಯಿತು. ಅದನ್ನು ಬಾಯಿಪಾಠ ಮಾಡಿಸುವುದು ನಿರರ್ಥಕ. ಆದರೆ ಮತ್ತೆ ಮತ್ತೆ ಅರ್ಧಿಸುತ್ತ ಹೋದರೆ ಹದಿನಾರನೆಯ ಒಂದು ಪಾಲು ಏಕೆ ದೊರೆಯುತ್ತದೆಂಬ ಪ್ರಶ್ನೆ ಇಂದಿಗೂ ಭಿನ್ನರಾಶಿಯ ತಿರುಳೇ. ಕೊಡಗಿನಲ್ಲಿ ಭತ್ತದ ಅಳತೆಯಾದ ಬಟ್ಟಿಯಿಂದಲೇ ಗದ್ದೆಯನ್ನೂ ಎಣಿಸುವ ರೂಢಿಯಿತ್ತು. ಧಾನ್ಯದ ಅಳತೆ ನೆಲದ ಅಳತೆಯಾಗುವುದು ಹೇಗೆ, ಫಲವತ್ತತೆ ಬದಲಾದರೆ ಏನಾಗುವುದು ಎಂಬ ವಿಚಾರವು ಅನುಪಾತದ ಪಾಠವೇ ಆಗಿದೆ.

ಚೌಕಾಬಾರದ ನಿದರ್ಶನ ಇನ್ನೂ ಸ್ಪಷ್ಟವಾದುದು. ನಾಲ್ಕು ಕವಡೆಗಳು ಬೀಳುವ ಬಗೆ ಒಟ್ಟು 16. ಕವಡೆಯ ಎರಡು ಮಗ್ಗುಲೂ ಸಮಾನವಾಗಿ ಬೀಳುತ್ತವೆಂದು ಭಾವಿಸಿದರೆ ಎರಡು ಅಂಗಾತ ಬೀಳುವ ಬಗೆ 6, ನಾಲ್ಕೂ ಅಂಗಾತ ಬೀಳುವ ಬಗೆ 1, ನಾಲ್ಕೂ ಕವುಚಿ ಬೀಳುವುದೂ 1. ವಿರಳವಾಗಿ ಬೀಳುವ ಈ ಕಡೆಯ ಎರಡಕ್ಕೇ, ರೂಢಿಯಂತೆ, ನಾಲ್ಕು ಮತ್ತು ಎಂಟೆಂಬ ದೊಡ್ಡ ಬೆಲೆಗಳಿವೆ. ಆದರೆ ಕವಡೆಯ ಮಗ್ಗುಲುಗಳು ಸಮಾನವಲ್ಲ. ಒಂದು ಬದಿ ತೇಯ್ದ ಹುಣಸೆಬೀಜದ ಪಾಡೂ ಬೇರೆಯೇ. ನೂರು ಬಾರಿ ಎಸೆದು ಬರೆದಿಟ್ಟು ಊಹೆಯೊಡನೆ ಹೋಲಿಸುವ ಮಗು ಸಂಭವನೀಯತೆಯನ್ನು ತಾನೇ ಕಾಣುತ್ತದೆ. ಆಟವನ್ನು ಬರಿಯ ಎಣಿಕೆಗೆ ಬಳಸಿ ಬಿಟ್ಟಲ್ಲಿ ಈ ಅವಕಾಶ ಕಳೆದುಹೋಗುತ್ತದೆ.

ಕುಶಾಲನಗರದಂತಹ ಊರಿನಲ್ಲಿ ಈ ಮಾತಿಗೆ ವಿಶೇಷ ತೂಕವಿದೆ. ಕೊಡವ, ಅರೆಭಾಷೆ, ತುಳು, ಮಲಯಾಳ, ತಮಿಳು ಮನೆಮಾತಿನ ಮಕ್ಕಳು ಅಲ್ಲಿ ಒಂದೇ ತರಗತಿಯಲ್ಲಿ ಕೂಡುವುದು ಸಹಜ. ಕನ್ನಡದಲ್ಲಿ ಒಡ್ಡಿದ ಲೆಕ್ಕವು ಕೆಲವರಿಗೆ ಮೊದಲು ಭಾಷೆಯ ಪರೀಕ್ಷೆಯಾಗುತ್ತದೆ. ಲೆಕ್ಕ ಬಲ್ಲ ಮಗುವೂ ದಡ್ಡನೆನಿಸಿಕೊಳ್ಳುವ ಅಪಾಯವಿದೆ. ಕವಡೆ ಬೀಳುವುದನ್ನು ಕಾಣಲು ಭಾಷೆ ಅಡ್ಡಿಯಾಗದು. ಕಂಡದ್ದನ್ನು ವಿವರಿಸುವಾಗ ಭಾಷೆ ಹಿಂದಿನಿಂದ ಬರುತ್ತದೆ.

ಒಟ್ಟಿನಲ್ಲಿ, ಜನಪದ ಆಟ ಮತ್ತು ಅಳತೆಗಳ ಸಂಗ್ರಹವಷ್ಟೇ ಸಂಶೋಧನೆಯೆನಿಸದು. ಅವುಗಳ ನಿಯಮಗಳನ್ನು, ಪ್ರಾದೇಶಿಕ ಪಾಠಾಂತರಗಳನ್ನು ಲೆಕ್ಕಸಹಿತ ದಾಖಲಿಸಿದಾಗ ಮಾತ್ರ ಅವು ಶಿಕ್ಷಕನ ಕೈಗೆ ಉಪಯುಕ್ತ ಆಕರವಾಗಬಲ್ಲವು.