ಕಾಂಟೆಸ್ಸಾದ ಮೈಕಟ್ಟು, ನೆಕ್ಸಾನ್‌ನ ಕಸುವು

ಅಮೆರಿಕದಲ್ಲಿ ಮಸಲ್ ಕಾರಿನ ಮಾತೆತ್ತಿದರೆ ಮೊದಲು ಬರುವುದು 1964ರ ಪಾಂಟಿಯಾಕ್ ಜಿಟಿಓ. ಮಧ್ಯಮ ಗಾತ್ರದ ಮೈಯಲ್ಲಿ 6.4 ಲೀಟರಿನ ವಿ8 ಎಂಜಿನ್. ನಮ್ಮಲ್ಲಿ ಕಾರುಪ್ರಿಯರು ಆ ಪಟ್ಟ ಕಟ್ಟಿದ್ದು ಹಿಂದೂಸ್ತಾನ್ ಕಾಂಟೆಸ್ಸಾಕ್ಕೆ. ಉದ್ದನೆಯ ಬಾನೆಟ್ಟು, ಅಗಲ ಮೂತಿ, ಹಿಂದಿನ ಚಕ್ರಗಳನ್ನು ತಿರುಗಿಸುವ ಎಂಜಿನ್. ಬ್ರಿಟನ್ನಿನ ವಾಕ್ಸ್‌ಹಾಲ್ ವಿಎಕ್ಸ್ ಕಾರಿನ ಅಚ್ಚುಗಳನ್ನು ತಂದು, ಬಂಗಾಳದ ಉತ್ತರಪಾಡಾದಲ್ಲಿ 1984ರಿಂದ 2002ರವರೆಗೆ ಅದನ್ನು ತಯಾರಿಸಿದರು.

ಈಗ ಬೀದರ್‌ನ ಮೈಲೂರಿನಿಂದ ಭಾಲ್ಕಿಗೋ ಔರಾದಿಗೋ ಹೊರಡುವ ಕುಟುಂಬ ಕೊಳ್ಳುವುದು ಕಾಂಪ್ಯಾಕ್ಟ್ ಎಸ್‌ಯುವಿಯನ್ನು. ಟಾಟಾ ನೆಕ್ಸಾನ್ ಪೆಟ್ರೋಲನ್ನೇ ಕಾಂಟೆಸ್ಸಾದ ಪಕ್ಕ ನಿಲ್ಲಿಸಿ ನೋಡೋಣ.

ಕಾಂಟೆಸ್ಸಾದ ಉದ್ದ ಸುಮಾರು 4.6 ಮೀಟರ್. ಮೊದಮೊದಲು ಅದರೊಳಗಿದ್ದದ್ದು ಅಂಬಾಸಡರ್‌ನದೇ 1489 ಸಿಸಿ ಎಂಜಿನ್, ಶಕ್ತಿ 50 ಎಚ್‌ಪಿಯ ಆಸುಪಾಸು. ಪೈಲ್ವಾನನ ಮೈಗೆ ಬಾಲಕನ ಉಸಿರು. ಇಸುಜುವಿನ 1.8 ಲೀಟರ್ ಎಂಜಿನ್ನೂ ಐದು ಗೇರೂ ಬಂದ ಮೇಲಷ್ಟೇ ಆ ದೇಹಕ್ಕೆ ತಕ್ಕ ಜೀವ ಬಂತು.

ನೆಕ್ಸಾನ್‌ನ ಕಥೆ ತಿರುವುಮುರುವು. 2006ರ ಕೇಂದ್ರ ಬಜೆಟ್ಟು 4 ಮೀಟರ್ ಮೀರದ ಕಾರುಗಳಿಗೆ ಅಬಕಾರಿ ಸುಂಕವನ್ನು ಶೇ 24ರಿಂದ 16ಕ್ಕೆ ಇಳಿಸಿತು. ಪೆಟ್ರೋಲ್ ಎಂಜಿನ್ನಿಗೆ 1200 ಸಿಸಿ, ಡೀಸೆಲ್‌ಗೆ 1500 ಸಿಸಿಯ ಮಿತಿ ಇಟ್ಟಿತು. ಆ ಲೆಕ್ಕಕ್ಕೆ ಒಗ್ಗಿಸಿ ಕೆತ್ತಿದ ಆಕಾರ ಇದು. ಆದರೆ ಅದೇ ಕಟ್ಟುಪಾಡು ಎಂಜಿನಿಯರುಗಳ ಜಾಣ್ಮೆಯನ್ನು ಹೊರತೆಗೆಯಿತು: ಮೂರೇ ಸಿಲಿಂಡರು, 1199 ಸಿಸಿ, ಆದರೂ ಟರ್ಬೋ ಬಲದಿಂದ 120 ಪಿಎಸ್ ಶಕ್ತಿ, 170 ಎನ್‌ಎಂ ಟಾರ್ಕ್.

ಕಬ್ಬಿನ ಹಂಗಾಮಿನಲ್ಲಿ ಭಾಲ್ಕಿ ರಸ್ತೆಗಿಳಿದವರಿಗೆ ಈ ಅಂಕಿಗಳ ಬೆಲೆ ಗೊತ್ತು. ಜೋಡಿ ಟ್ರೇಲರ್ ಎಳೆಯುವ ಟ್ರ್ಯಾಕ್ಟರನ್ನು ದಾಟಲು ಸಿಗುವುದು ತುಸುವೇ ಜಾಗ, ತುಸುವೇ ಹೊತ್ತು. ನೆಕ್ಸಾನ್ ಕಡಿಮೆ ಆರ್‌ಪಿಎಂನಲ್ಲೇ ಪಿಕಪ್ ಕೊಡುತ್ತದೆ. ಕಾಂಟೆಸ್ಸಾದಲ್ಲಿ ಗೇರು ಇಳಿಸಿ, ಎಂಜಿನ್ ಏರುವವರೆಗೆ ತಾಳಬೇಕು. ಔರಾದ್ ದಾರಿಯಲ್ಲಿ ಮಾಂಜ್ರಾ ನದಿ ದಾಟಿ ಎರೆಭೂಮಿಗೆ ಬಂದರೆ, ಮಳೆಗಾಲದಲ್ಲಿ ರಸ್ತೆಯಂಚೂ ಕುಸಿಯುತ್ತದೆ. ಅಲ್ಲಿ ನೆಲದಿಂದ 200 ಮಿಲಿಮೀಟರ್‌ಗೂ ಎತ್ತರದಲ್ಲಿರುವ ಹೊಟ್ಟೆ ವರವೇ ಸರಿ. ಇನ್ನು ಜೀವರಕ್ಷಣೆಯಲ್ಲಿ ಹೋಲಿಕೆಗೇ ಎಡೆಯಿಲ್ಲ. ಕಾಂಟೆಸ್ಸಾದಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ನೆಕ್ಸಾನ್ 2018ರಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ನ ಡಿಕ್ಕಿ ಪರೀಕ್ಷೆಯಲ್ಲಿ ಐದು ನಕ್ಷತ್ರ ಪಡೆದ ಮೊದಲ ಭಾರತೀಯ ಕಾರು. ಮಕ್ಕಳನ್ನು ಕೂರಿಸಿಕೊಂಡು ನಿತ್ಯ ಓಡಾಡುವವರು ಎರಡು ಮನಸ್ಸು ಮಾಡದೆ ಹೊಸದನ್ನೇ ಕೊಳ್ಳಲಿ.

ಹಾಗಾದರೆ ಹಳೆಯದಕ್ಕೆ ಏನುಳಿಯಿತು? ಚಾಲನೆಯ ಸುಖ ಉಳಿಯಿತು. ಹುಮನಾಬಾದ್ ಬಳಿ ಹೈದರಾಬಾದ್ ಹೆದ್ದಾರಿ ಹಿಡಿದು ಐದನೇ ಗೇರಿನಲ್ಲಿ ಹದವಾಗಿ ಬಿಟ್ಟರೆ, 2667 ಮಿಲಿಮೀಟರ್ ವೀಲ್‌ಬೇಸಿನ ಆ ಗಾಡಿ ರಸ್ತೆಯ ಏರಿಳಿತವನ್ನು ತಾನೇ ನುಂಗಿ ತೇಲುತ್ತದೆ. ಸುಮಾರು 2500 ಮಿಲಿಮೀಟರ್ ವೀಲ್‌ಬೇಸಿನ ಎತ್ತರದ ನೆಕ್ಸಾನ್‌ಗೆ ಆ ಗತ್ತು ಬರುವುದಿಲ್ಲ. ಹಿಂದಿನ ಚಕ್ರ ತಳ್ಳುವ ಕಾರಿನಲ್ಲಿ ಸ್ಟೀರಿಂಗಿಗೆ ತಿರುಗಿಸುವುದೊಂದೇ ಕೆಲಸ. ಎಂಜಿನ್ನಿನ ಎಳೆತ ಅಂಗೈಗೆ ತಾಗುವುದಿಲ್ಲ.

ಕಾಂಟೆಸ್ಸಾ ಇರುವವರಲ್ಲಿ ನನ್ನದೊಂದು ಕೋರಿಕೆ. ಮೈಲೇಜಿನ ಆಸೆಗೆ ಬಿದ್ದು ಅನೇಕರು ಅದಕ್ಕೆ ಬೇರೆ ಡೀಸೆಲ್ ಎಂಜಿನ್ ಕೂರಿಸಿದರು. ದಯವಿಟ್ಟು ಹಾಗೆ ಮಾಡಬೇಡಿ. 2021ರ ಕೇಂದ್ರ ನಿಯಮದಂತೆ, ನೋಂದಣಿಯಾಗಿ 50 ವರ್ಷ ದಾಟಿ ಮೂಲರೂಪ ಉಳಿಸಿಕೊಂಡ ಕಾರಿಗೆ ಮಾತ್ರ ವಿಂಟೇಜ್ ಮಾನ್ಯತೆ. ಮೊದಲ ಕಾಂಟೆಸ್ಸಾಗಳಿಗೆ ಆ ವಯಸ್ಸು ತುಂಬುವುದು 2034ರಲ್ಲಿ. ಅಲ್ಲಿಯವರೆಗೆ ಅವನ್ನು ಕಾಯುವ ಕಾನೂನು ಬೇರೆ ಇಲ್ಲ. ಮಾಲೀಕನ ಪ್ರೀತಿ, ಗ್ಯಾರೇಜಿನ ಮಿಸ್ತ್ರಿಯ ಕೈಗುಣ ಇವೆರಡೇ ಆಸರೆ. ರೇಡಿಯೇಟರ್ ಶುಚಿಯಾಗಿಡಿ, ಬೀದರ್‌ನ ಬೇಸಿಗೆಗೆ ಅದೇ ಮೊದಲು ಸೋಲುವುದು. ವಾರಕ್ಕೊಮ್ಮೆ ಓಡಿಸಿ. ಮೂಲ ಎಂಜಿನ್ ಬದಲಿಸಬೇಡಿ.