ಯಾರ ಸೇರಿನಲ್ಲಿ ಅಳೆಯುತ್ತೀರಿ?

ಊರಗೌಡನ ಮನೇಲಿ ಎರಡು ಸೇರು ಇರ್ತಿದ್ದವಂತೆ, ಕೊಡೋಕೊಂದು, ತಗೊಳ್ಳೋಕೊಂದು. ಬಿ.ಎಡ್. ಪ್ರಶಿಕ್ಷಣಾರ್ಥಿಗಳ 'ಡಿಜಿಟಲ್ ಕೌಶಲ' ಅಳೆಯುವ ಪ್ರಶ್ನಾವಳಿ ಓದುವಾಗ ಹಿರಿಯರ ಈ ಮಾತು ನೆನಪಾಗುತ್ತದೆ. ಅಂಗವಿಕಲ ವಿದ್ಯಾರ್ಥಿಗಳಿಗೆ ತಕ್ಕ ತಂತ್ರಾಂಶ ಆರಿಸಬಲ್ಲೆ ಎಂಬಂಥ ಒಂದು ವಾಕ್ಯ, ಪಕ್ಕದಲ್ಲಿ ಒಂದರಿಂದ ಐದರವರೆಗೆ ಮನೆಗಳು. ಗುರುತು ಹಾಕಿ ಅಂಕ ಕೂಡಿಸಿದರೆ ಮೇಷ್ಟ್ರು ತಯಾರು!

ಇಲ್ಲಿ ಅಳೆದದ್ದು ಧೈರ್ಯವನ್ನು. ಮನೇಲಿ ಕಂಪ್ಯೂಟರ್ ನೋಡಿ ಬೆಳೆದವನು ಅಳುಕಿಲ್ಲದೆ ಐದು ಹಾಕ್ತಾನೆ. ಕಾಲೇಜಿಗೆ ಬಂದ ಮೇಲೆ ಮೊದಲ ಸಲ ಮೌಸ್ ಹಿಡಿದ ನಮ್ಮ ಕೇರಿಯ ಹುಡುಗಿ, ಕೆಲಸ ಬಂದರೂ, ಎರಡು ಹಾಕಿ ಪೆನ್ನು ಮುಚ್ಚುತ್ತಾಳೆ. ತಲೆಮಾರುಗಳ ಅಳುಕನ್ನು ಅಂಕಿ ಮಾಡಿ 'ಕೌಶಲದ ಕೊರತೆ' ಅಂತ ಬರೆದುಕೊಳ್ಳೋದು ಯಾವ ವಿಜ್ಞಾನ ಸ್ವಾಮಿ?

ಯುರೋಪಿಯನ್ ಕಮಿಷನ್ 2017ರಲ್ಲಿ ಪ್ರಕಟಿಸಿದ 'ಡಿಜ್‌ಕಾಂಪ್‌ಎಜು' ಚೌಕಟ್ಟಿನಲ್ಲಿ ಶಿಕ್ಷಕರಿಗೆ 22 ಸಾಮರ್ಥ್ಯಗಳಿವೆ. ಎಲ್ಲ ಮಕ್ಕಳಿಗೂ ಪಾಠ ಎಟುಕುವಂತೆ ಮಾಡೋದು ಅದರಲ್ಲಿ ಒಂದು. ಒಳ್ಳೇದೇ. ಆದರೆ ಅಲ್ಲಿ ಹೊಲಿದ ಅಂಗಿಯನ್ನು ಹಾಗೇ ತಂದು ನಮಗೆ ತೊಡಿಸಿದರೆ ಕನ್ನಡದ ಕಷ್ಟ ಅದಕ್ಕೆ ಕಾಣೋದಿಲ್ಲ.

ಆ ಕಷ್ಟ ಏನು? ಕಣ್ಣು ಕಾಣದ ಹುಡುಗ ಕಂಪ್ಯೂಟರಿನಲ್ಲಿ ಓದೋದು ಕಿವಿಯಿಂದ. ಕಣ್ಣು ಕಾಣದ ಆಸ್ಟ್ರೇಲಿಯಾದ ಮೈಕಲ್ ಕರ್ರನ್ 2006ರಲ್ಲಿ ಶುರುಮಾಡಿದ ಎನ್‌ವಿಡಿಎ ತಂತ್ರಾಂಶ ಪರದೆಯ ಕನ್ನಡವನ್ನೂ ಗಟ್ಟಿಯಾಗಿ ಓದಿ ಹೇಳುತ್ತದೆ. ಅದಕ್ಕೆ ಕಾಸು ಬೇಕಿಲ್ಲ. ಆದರೆ ಮೇಷ್ಟ್ರು ಯೂನಿಕೋಡ್ ಬಿಟ್ಟು ಹಳೇ ನುಡಿ ಫಾಂಟಿನಲ್ಲಿ ಪಾಠ ಟೈಪ್ ಮಾಡಿ ಕೊಟ್ಟರೆ? ಆ ಫಾಂಟು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ್ದು. ಕಣ್ಣಿಗೆ ಕನ್ನಡ, ಕಿವಿಗೆ ಬರೀ ಗೊಣಗೊಣ. ಪುಸ್ತಕದ ಪುಟವನ್ನು ಮೊಬೈಲಿನಲ್ಲಿ ಫೋಟೋ ಹೊಡೆದು ಪಿಡಿಎಫ್ ಮಾಡಿ ಕಳಿಸಿದರೆ ಆ ಗೊಣಗೊಣವೂ ಇಲ್ಲ. ಕಳಿಸಿದವರು ಐದಕ್ಕೆ ಐದು ಪಡೆದ ಮೇಷ್ಟ್ರೇ ಇರಬಹುದು.

ಬೇರೆ ಥರ ಅಳೆಯೋಕೆ ಆಗೋದಿಲ್ಲವೇ? ವೈಟ್‌ಫೀಲ್ಡ್ ಕಡೆಯ ಪಟ್ಟಂದೂರು ಅಗ್ರಹಾರಕ್ಕೆ ಬನ್ನಿ. ಅಗ್ರಹಾರ ಅಂದರೆ ಬ್ರಾಹ್ಮಣರಿಗೆ ದಾನ ಬಿಟ್ಟ ಊರು, ಅಕ್ಷರಕ್ಕೆ ಹಾಕಿದ ಬೇಲಿ. ಅದೇ ಹೆಸರಿನ ನಿಲ್ದಾಣದಲ್ಲಿ 2023ರಿಂದ ಮೆಟ್ರೋ ನಿಲ್ಲುತ್ತೆ. ಇಳಿದರೆ ಐಟಿಪಿಎಲ್‌ನ ಗಾಜಿನ ಕಟ್ಟಡಗಳು. ಅಮೆರಿಕದ ಕೇಂದ್ರ ಸರ್ಕಾರ ಕೊಳ್ಳುವ ತಂತ್ರಾಂಶ ಕಣ್ಣು ಕಾಣದವರಿಗೂ ಬಳಸಲು ಬರಬೇಕು ಅಂತ ಅಲ್ಲಿನ ಕಾನೂನು. ಆ ಲೋಕದಲ್ಲಿ ಇಂಜಿನಿಯರನಿಗೆ ಎಷ್ಟು ಧೈರ್ಯವಿದೆ ಅಂತ ಕೇಳಿ ಬಿಟ್ಟರೆ ಸಾಲದು. ಮಾಡಿದ್ದನ್ನು ತೆರೆದು ಪರೀಕ್ಷಿಸಬೇಕು. ಸಾಹುಕಾರ ದೇಶದ ಗಿರಾಕಿಗೆ ಆ ಸೇರು, ನಮ್ಮ ಸರ್ಕಾರಿ ಶಾಲೆಯ ಮಗುವಿಗೆ ಈ ಸೇರು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 17ನೇ ಕಲಂ, ಬ್ರೈಲ್ ಮತ್ತು ಸಂಜ್ಞಾ ಭಾಷೆ ಬಲ್ಲ ಶಿಕ್ಷಕರನ್ನು, ಅಂಗವಿಕಲ ಶಿಕ್ಷಕರನ್ನೂ ಸೇರಿಸಿ, ತರಬೇತು ಮಾಡಿ ನೇಮಿಸಬೇಕು ಎನ್ನುತ್ತದೆ. ಅಳೆಯುವವರೂ ಅವರೇ ಆಗಲಿ. ಪ್ರಶಿಕ್ಷಣಾರ್ಥಿಗೆ ಚಿತ್ರವಿರುವ ಒಂದು ಪಾಠ ಕೊಡಿ, ಒಂದು ಗಂಟೆ ಕೊಡಿ. ಅವಳು ಮಾಡಿದ ಕಡತವನ್ನು ಕಣ್ಣು ಕಾಣದವರೊಬ್ಬರು ತೆರೆಯಲಿ. ಓದಿತೇ? ಚಿತ್ರದಲ್ಲಿ ಏನಿದೆ ಅಂತ ಮಾತಿನಲ್ಲಿ ಬರೆದಿದ್ದಾಳೆಯೇ? ವಿಡಿಯೋಕ್ಕೆ ಕಿವಿ ಕೇಳದವರು ಓದುವ ಸಾಲುಗಳಿವೆಯೇ? ಅಂಕ ಅವರು ಹಾಕಲಿ.

ಬಿ.ಎಡ್. ಓದುತ್ತಿರುವ ಗೆಳೆಯರೇ, ಹಳೇ ನುಡಿ ಕಡತವನ್ನು ಯೂನಿಕೋಡಿಗೆ ತಿರುಗಿಸುವ ತಂತ್ರಾಂಶ ಪುಕ್ಕಟೆ ಸಿಗುತ್ತೆ. ನಿಮ್ಮ ಕಾಲೇಜಿನ ನೋಟ್ಸಿನಿಂದಲೇ ಶುರುಮಾಡಿ.